ಸೋರಿಯಾಸಿಸ್‌ಗೆ ‘ಕ್ಯಾನ್ಸರ್ ಮಾತ್ರೆ’: ನುಂಗಬಹುದೇ, ಬೇಡವೇ?

ಪ್ರಶ್ನೆ: ನಮ್ಮ ಯಜಮಾನರಿಗೆ 47 ವರ್ಷ. ಹಾವೇರಿ ಜಿಲ್ಲೆಯ ಊರೊಂದರಲ್ಲಿ ಬೀಜ, ಗೊಬ್ಬರದ ಅಂಗಡಿ ಇದೆ. ಒಂಬತ್ತು ವರ್ಷಗಳಿಂದ ಸೋರಿಯಾಸಿಸ್ ಕಾಡುತ್ತಿದೆ. ಮೊದಲು ಮೊಣಕೈ, ಮೊಣಕಾಲಿನಲ್ಲಷ್ಟೇ ಇದ್ದದ್ದು ಈಗ ಬೆನ್ನು, ತಲೆ, ಅಂಗೈಗೂ ಹರಡಿದೆ. ಗಿರಾಕಿಗಳು ಮುಖ ಸಿಂಡರಿಸುತ್ತಾರೆಂದು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಾರೆ. ಮುಲಾಮುಗಳಿಂದ ಪ್ರಯೋಜನವಾಗಲಿಲ್ಲ. ಹೋದ ವರ್ಷ ಪರಿಚಯದವರೊಬ್ಬರು ನಾಟಿ ಔಷಧದ ಪುಡಿ ತಂದುಕೊಟ್ಟರು. ಎರಡೇ ವಾರದಲ್ಲಿ ಚರ್ಮ ನಯವಾಯಿತು. ಐದು ತಿಂಗಳು ತೆಗೆದುಕೊಂಡರು. ಮುಖ ತುಂಬಿಕೊಂಡಿತು, ಸಕ್ಕರೆ ಕಾಯಿಲೆಯೂ ಶುರುವಾಯಿತು. ಪುಡಿ ಬಿಟ್ಟ ಮೇಲೆ ಮೊದಲಿಗಿಂತ ಎರಡರಷ್ಟಾಗಿ ಮರಳಿತು. ಈಗ ಹುಬ್ಬಳ್ಳಿಯ ಚರ್ಮರೋಗ ತಜ್ಞರು ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ, ವಾರಕ್ಕೊಮ್ಮೆ ಎಂದು ಬರೆದಿದ್ದಾರೆ. ಔಷಧ ಅಂಗಡಿಯ ಹುಡುಗ ‘ಇದು ಕ್ಯಾನ್ಸರ್ ಮಾತ್ರೆ’ ಎಂದ. ಲಿವರ್ ಹಾಳಾಗುತ್ತದೆ, ರೋಗನಿರೋಧಕ ಶಕ್ತಿ ಹೋಗುತ್ತದೆ, ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡುವಂತಿಲ್ಲ ಎನ್ನುತ್ತಾರೆ. ಮೂರು ವಾರದಿಂದ ಮಾತ್ರೆ ಅಲ್ಮಾರಿಯಲ್ಲೇ ಇದೆ. ಅವರು ವಾರಕ್ಕೆ ಒಂದೆರಡು ಸಲ ಕುಡಿಯುತ್ತಾರೆ. ಮಾವನವರಿಗೆ ಹಿಂದೆ ಕ್ಷಯ ಆಗಿತ್ತು. ಇತ್ತೀಚೆಗೆ ಬೆಳಗ್ಗೆ ಎದ್ದಾಗ ಬೆರಳು ಮಡಚಲು ಆಗುವುದಿಲ್ಲ ಎನ್ನುತ್ತಾರೆ, ಅದು ವಯಸ್ಸಿನದಿರಬಹುದು. ಮುಂದಿನ ತಿಂಗಳು ಮಗಳು ಚೊಚ್ಚಲ ಹೆರಿಗೆಗೆ ಬರುತ್ತಾಳೆ. ಏನು ಮಾಡಲಿ?

ಉತ್ತರ: ಅಮ್ಮಾ, ಹೆಸರು, ಪ್ರಮಾಣ, ತೆಗೆದುಕೊಳ್ಳುವ ದಿನ ಎಲ್ಲವನ್ನೂ ಬರೆದುಕೊಟ್ಟ ಮಾತ್ರೆಗೆ ಹೆದರಿ ನೀವು ಅದನ್ನು ಅಲ್ಮಾರಿಯಲ್ಲಿಟ್ಟಿದ್ದೀರಿ. ಹೆಸರೇ ಇಲ್ಲದ ಪುಡಿಯನ್ನು ನಿಮ್ಮ ಯಜಮಾನರು ಐದು ತಿಂಗಳು ಧೈರ್ಯವಾಗಿ ನುಂಗಿದ್ದಾರೆ. ಆ ಪುಡಿಯೂ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧವೇ ಆಗಿತ್ತೆಂದು ನನಗೆ ಬಲವಾದ ಅನುಮಾನವಿದೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಮೊದಲು ನೇರ ಉತ್ತರ. ನೀವು ವಿವರಿಸಿರುವ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಸರಿಯಾದ ಔಷಧ. ಹಾಗೆಂದು ಈ ವಾರವೇ ಶುರು ಮಾಡಬೇಡಿ. ಕುಡಿತ, ಪುಡಿ, ಮಾವನವರ ಕ್ಷಯ, ಬೆರಳಿನ ಬಿಗಿತ ಈ ನಾಲ್ಕನ್ನೂ ವೈದ್ಯರಿಗೆ ಹೇಳಿದ್ದೀರೋ ಇಲ್ಲವೋ ಪತ್ರದಿಂದ ಗೊತ್ತಾಗುವುದಿಲ್ಲ. ಹೇಳಿರದಿದ್ದರೆ ಇನ್ನೊಮ್ಮೆ ಹೋಗಿ ಹೇಳಿ, ಪರೀಕ್ಷೆ ಮಾಡಿಸಿ, ಆಮೇಲೆ ಶುರು ಮಾಡಿ. ಮೂರು ವಾರ ಕಾದವರಿಗೆ ಇನ್ನೊಂದು ವಾರ ದೊಡ್ಡದಲ್ಲ.

ಅಂಗಡಿಯ ಹುಡುಗ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಈ ಔಷಧ ಹುಟ್ಟಿದ್ದು ರಕ್ತದ ಕ್ಯಾನ್ಸರಿಗಾಗಿಯೇ. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ 1940ರ ದಶಕದಲ್ಲಿ ಫೋಲಿಕ್ ಆಸಿಡ್ ಎಂಬ ಜೀವಸತ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿತು. ಅದರ ಕೆಲಸವನ್ನು ತಡೆಯುವ ಅಮಿನೊಪ್ಟೆರಿನ್, ಮೆಥೊಟ್ರೆಕ್ಸೇಟ್‌ಗಳೂ ಅಲ್ಲಿಂದಲೇ ಬಂದವು. 1947-48ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ ಅಮಿನೊಪ್ಟೆರಿನ್ ಅನ್ನು ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಟ್ಟರು. 1951ರಲ್ಲಿ ಗಬ್ನರ್ ಎಂಬ ವೈದ್ಯರು ಅದೇ ಔಷಧವನ್ನು ಕೀಲುವಾತಕ್ಕೆ ಕೊಡುತ್ತಿದ್ದಾಗ ರೋಗಿಗಳ ಸೋರಿಯಾಸಿಸ್ ಮಾಯುವುದನ್ನು ಕಂಡರು. ಆಮೇಲೆ ಅಮಿನೊಪ್ಟೆರಿನ್ ಜಾಗಕ್ಕೆ ಮೆಥೊಟ್ರೆಕ್ಸೇಟ್ ಬಂದು ಚರ್ಮರೋಗಕ್ಕೂ ಬಳಕೆಯಾಯಿತು. ಎಪ್ಪತ್ತು ವರ್ಷ ದಾಟಿದ ಔಷಧವಾದ್ದರಿಂದ ಅದರ ಗುಣವೂ ಅವಗುಣವೂ ನಮಗೆ ಚೆನ್ನಾಗಿ ಗೊತ್ತು.

ವ್ಯತ್ಯಾಸ ಇರುವುದು ಪ್ರಮಾಣದಲ್ಲಿ. ಮೂಳೆಯ ಒಂದು ಬಗೆಯ ಕ್ಯಾನ್ಸರಿಗೆ ಒಂದೇ ಸಲಕ್ಕೆ ಹತ್ತು ಸಾವಿರ ಮಿಲಿಗ್ರಾಂ ಮೀರಿ ಕೊಡುವುದುಂಟು. ಅದಕ್ಕೆ ಆಸ್ಪತ್ರೆಯಲ್ಲಿದ್ದು, ಪ್ರತ್ಯೌಷಧ ಕೈಯಲ್ಲಿಟ್ಟುಕೊಂಡೇ ಕೊಡಬೇಕು. ಸೋರಿಯಾಸಿಸ್‌ಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ನಿಮ್ಮವರಿಗೆ ಬರೆದಿರುವುದು ಕೆಳಗಿನ ಮೆಟ್ಟಿಲು. ಈ ಪ್ರಮಾಣದಲ್ಲಿ ತಲೆಗೂದಲು ಬೋಳಾಗುವುದಿಲ್ಲ, ಸಿನಿಮಾದಲ್ಲಿ ತೋರಿಸುವಂತೆ ವಾಂತಿ ಮಾಡಿಕೊಂಡು ಮಲಗುವುದೂ ಇಲ್ಲ. ಮಾತ್ರೆಯ ಮಾರನೆಯ ದಿನ ಸ್ವಲ್ಪ ಹೊಟ್ಟೆ ತೊಳೆಸುವುದು, ಸುಸ್ತು ಕೆಲವರಿಗೆ ಉಂಟು. ರಾತ್ರಿ ಊಟವಾದ ಮೇಲೆ ನುಂಗಿ ಮಲಗಿದರೆ ಬಹಳ ಮಂದಿಗೆ ಅದು ಅರಿವಿಗೇ ಬರುವುದಿಲ್ಲ.

ಸೋರಿಯಾಸಿಸ್ ಎಂದರೆ ರಕ್ತ ಕೆಟ್ಟಿದೆ, ಮೈಯಲ್ಲಿ ನಂಜಿದೆ ಎಂದು ಮನೆಮನೆಯಲ್ಲೂ ಹೇಳುತ್ತಾರೆ. ಬದನೆಕಾಯಿ, ಮೀನು, ಕುಂಬಳಕಾಯಿ ಬಿಡಿಸಿ ಬಿಡಿಸಿ ಕೊನೆಗೆ ಗಂಜಿ, ಉಪ್ಪಿಗೆ ತಂದು ನಿಲ್ಲಿಸಿದ ರೋಗಿಗಳನ್ನು ನಾನು ನೋಡಿದ್ದೇನೆ. ರಕ್ತ ಕೆಟ್ಟಿರುವುದಿಲ್ಲ. ದೇಹವನ್ನು ಕಾಯುವ ಬಿಳಿ ರಕ್ತಕಣಗಳಲ್ಲಿ ಒಂದು ಗುಂಪು ಶತ್ರುವಿಲ್ಲದಿದ್ದರೂ ಚರ್ಮದಲ್ಲಿ ಯುದ್ಧ ಸಾರಿರುತ್ತದೆ. ಅವು ಸುರಿಸುವ ರಾಸಾಯನಿಕಗಳ ಪ್ರಚೋದನೆಗೆ ಚರ್ಮದ ಕೋಶಗಳು ಗಡಿಬಿಡಿಯಿಂದ ಬೆಳೆಯುತ್ತವೆ. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಕೋಶದ ಪಯಣ ನಾಲ್ಕೈದು ದಿನಕ್ಕೇ ಮುಗಿದು, ಬಲಿಯದ ಕೋಶಗಳು ಮೇಲೆ ಬಂದು ಬೆಳ್ಳಿಯಂಥ ಹೊಟ್ಟಾಗಿ ಉದುರುತ್ತವೆ. ಇದು ಅಂಟುವುದಿಲ್ಲ. ಚಿಲ್ಲರೆ ಕೈಯಿಂದ ಕೈಗೆ ಕೊಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಇದನ್ನು ಗಿರಾಕಿಗಳಿಗಿಂತ ಮೊದಲು ಅವರಿಗೇ ಹೇಳಿ.

ಹೀಗಿರುವಾಗ ಆ ಯುದ್ಧವನ್ನು ತಣಿಸುವುದೇ ಚಿಕಿತ್ಸೆ. ‘ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ’ ಎಂಬ ಹಣೆಪಟ್ಟಿ ಕೇಳಿದರೆ ಎಲ್ಲ ಬಾಗಿಲೂ ತೆರೆದಿಟ್ಟಂತೆ ಅನಿಸುತ್ತದೆ. ವಾರಕ್ಕೊಮ್ಮೆ ಕೊಡುವ ಸಣ್ಣ ಪ್ರಮಾಣದ ಮೆಥೊಟ್ರೆಕ್ಸೇಟ್ ಅಷ್ಟೇನೂ ಮಾಡುವುದಿಲ್ಲ. ಅತಿಯಾಗಿ ಕೆರಳಿದ ಕಣಗಳನ್ನು ತಗ್ಗಿಸುತ್ತದೆ, ಉಳಿದ ರಕ್ಷಣೆ ಬಹುಮಟ್ಟಿಗೆ ಹಾಗೇ ಇರುತ್ತದೆ. ಸೋಂಕಿನ ಅಪಾಯ ಸ್ವಲ್ಪ ಏರುತ್ತದೆ, ಅದನ್ನು ಇಲ್ಲವೆನ್ನಲಾರೆ. ಈ ಔಷಧದಲ್ಲಿರುವವರಿಗೆ ಜ್ವರ ಬಂದರೆ ಕಷಾಯ ಕುಡಿದು ಕಾಯಬಾರದು, ವೈದ್ಯರಿಗೆ ತೋರಿಸಬೇಕು, ಆ ವಾರದ ಮಾತ್ರೆಯನ್ನು ತಡೆಹಿಡಿಯಬೇಕು.

ಈಗ ಪುಡಿಯ ವಿಚಾರ. ಎರಡು ವಾರದಲ್ಲಿ ನಯವಾದ ಚರ್ಮ, ತುಂಬಿಕೊಂಡ ಮುಖ, ಹೊಸದಾಗಿ ಬಂದ ಸಕ್ಕರೆ ಕಾಯಿಲೆ, ಬಿಟ್ಟ ಕೂಡಲೇ ಇಮ್ಮಡಿಯಾದ ರೋಗ. ಈ ನಾಲ್ಕೂ ಒಟ್ಟಿಗೆ ಬಂದರೆ ನಾವು ಮೊದಲು ನೆನೆಯುವುದು ಸ್ಟೆರಾಯ್ಡನ್ನು. ಹೆಸರು, ಬ್ಯಾಚ್ ಸಂಖ್ಯೆ ಯಾವುದೂ ಇಲ್ಲದ ಪೊಟ್ಟಣಗಳಲ್ಲಿ ಸ್ಟೆರಾಯ್ಡ್ ಮಾತ್ರೆಗಳನ್ನು ಅರೆದು ಬೆರೆಸುವುದು ನಮ್ಮ ವೃತ್ತಿಯವರಿಗೆ ಹೊಸ ಸುದ್ದಿಯಲ್ಲ. ಓದಿ, ನೋಂದಾಯಿಸಿಕೊಂಡು, ಚೀಟಿ ಬರೆದುಕೊಡುವ ಆಯುರ್ವೇದ ವೈದ್ಯರ ಮೇಲೆ ನನಗೆ ತಕರಾರಿಲ್ಲ. ಏನಿದೆಯೆಂದು ಕೊಟ್ಟವನೂ ಹೇಳದ ಪೊಟ್ಟಣದ ಮೇಲಿದೆ.

ಸೋರಿಯಾಸಿಸ್‌ನಲ್ಲಿ ನುಂಗುವ ಸ್ಟೆರಾಯ್ಡ್ ವಿಶೇಷವಾಗಿ ಕೆಟ್ಟದ್ದು. ಅದನ್ನು ಥಟ್ಟನೆ ಬಿಟ್ಟಾಗ ರೋಗ ಭುಗಿಲೇಳುತ್ತದೆ. ಕೆಲವರಿಗೆ ಮೈತುಂಬ ಕೀವಿನ ಗುಳ್ಳೆ ಏಳುತ್ತವೆ, ಕೆಲವರಿಗೆ ಅಡಿಯಿಂದ ಮುಡಿಯವರೆಗೆ ಚರ್ಮ ಕೆಂಪಾಗಿ ಸುಲಿಯುತ್ತದೆ. ಎರಡಕ್ಕೂ ಆಸ್ಪತ್ರೆಗೆ ಸೇರಬೇಕಾಗುತ್ತದೆ. ಜೊತೆಗೆ ತಿಂಗಳುಗಟ್ಟಲೆ ಹೊರಗಿನಿಂದ ಸ್ಟೆರಾಯ್ಡ್ ಸಿಕ್ಕಿದಾಗ ದೇಹದ ಅಡ್ರಿನಲ್ ಗ್ರಂಥಿ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸಾಲನ್ನು ತಯಾರಿಸುವುದನ್ನೇ ಕಡಿಮೆ ಮಾಡುತ್ತದೆ. ನಿಮ್ಮವರಿಗೆ ಈಗ ವಿಪರೀತ ಸುಸ್ತು, ಎದ್ದು ನಿಂತಾಗ ತಲೆಸುತ್ತು ಇದ್ದರೆ ಬೆಳಗಿನ ಹೊತ್ತು ರಕ್ತದ ಕಾರ್ಟಿಸಾಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಪುಡಿಯ ಪೊಟ್ಟಣ ಉಳಿದಿದ್ದರೆ ಅದನ್ನೂ ಒಯ್ಯಿರಿ, ಸಂಕೋಚ ಬೇಡ. ಬಯ್ಯುವ ವೈದ್ಯರು ಸಿಕ್ಕರೂ ಬಯ್ಯಿಸಿಕೊಂಡು ಹೇಳಿ.

ಮೆಥೊಟ್ರೆಕ್ಸೇಟ್‌ನ ನಿಜವಾದ ಅಪಾಯಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಲಿವರಿಗಲ್ಲ, ಕ್ಯಾಲೆಂಡರಿಗೆ. ವಾರಕ್ಕೊಮ್ಮೆ ಎಂಬುದನ್ನು ಮರೆತು ದಿನವೂ ನುಂಗಿದರೆ 7.5 ಮಿಲಿಗ್ರಾಂ ಹೋಗಬೇಕಾದಲ್ಲಿ ವಾರಕ್ಕೆ 52.5 ಮಿಲಿಗ್ರಾಂ ಹೋಗುತ್ತದೆ. ಮೂಳೆಯೊಳಗೆ ರಕ್ತ ತಯಾರಾಗುವುದು ನಿಂತು ಪ್ರಾಣಕ್ಕೇ ಕುತ್ತು ಬರಬಹುದು. ಲೋಕದ ಎಲ್ಲೆಡೆ ಈ ಔಷಧದಿಂದಾದ ಸಾವುಗಳಲ್ಲಿ ಇಂಥ ತಪ್ಪಿನಿಂದಾದವು ಇವೆ. ತಪ್ಪು ಹೇಗಾಗುತ್ತದೆ ನೋಡಿ: 2.5 ಮಿಲಿಗ್ರಾಂನ ಮೆಥೊಟ್ರೆಕ್ಸೇಟ್ ಎಷ್ಟೋ ಕಂಪನಿಗಳಲ್ಲಿ ಪುಟ್ಟ ಹಳದಿ ಮಾತ್ರೆ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಕೂಡ ಪುಟ್ಟ ಹಳದಿ ಮಾತ್ರೆ. ಎರಡನ್ನೂ ಪಟ್ಟಿಯಿಂದ ಬಿಡಿಸಿ ಒಂದೇ ಡಬ್ಬಿಗೆ ಹಾಕಿದರೆ ಮುಗಿಯಿತು. ನಮ್ಮವರು ಮಾತ್ರೆಗಳನ್ನು ಬೇಳೆಯಂತೆ ಡಬ್ಬಿಯಲ್ಲಿ ತುಂಬಿಡುವುದರಲ್ಲಿ ಬಲು ಚುರುಕು.

ನನ್ನ ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಬರೆದು ಸುಮ್ಮನಾಗುವುದಿಲ್ಲ. ‘ಭಾನುವಾರ ರಾತ್ರಿ ಮಾತ್ರ, 3 ಮಾತ್ರೆ’ ಎಂದು ಕನ್ನಡದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ನಿಮ್ಮ ವೈದ್ಯರಿಂದಲೂ ಹಾಗೆ ಬರೆಸಿಕೊಳ್ಳಿ. ಮಾತ್ರೆಯನ್ನು ಮೂಲ ಪಟ್ಟಿಯಲ್ಲೇ ಇಡಿ, ಒಂದು ತಿಂಗಳಿಗಿಂತ ಹೆಚ್ಚಿನದನ್ನು ಒಟ್ಟಿಗೆ ಕೊಳ್ಳಬೇಡಿ. ಇನ್ನೊಂದು ಎಚ್ಚರ: ಇದೇ ಔಷಧ 5, 7.5, 10, 15 ಮಿಲಿಗ್ರಾಂ ಮಾತ್ರೆಗಳಾಗಿಯೂ ಬರುತ್ತದೆ. 2.5ರ ಬದಲು ಅಂಗಡಿಯವರು 7.5 ಕೊಟ್ಟು, ನೀವು ಅಭ್ಯಾಸದಂತೆ ಮೂರು ನುಂಗಿಸಿದರೆ ಪ್ರಮಾಣ ಮೂರು ಪಟ್ಟಾಯಿತು. ಪ್ರತಿ ಸಲವೂ ಪಟ್ಟಿಯ ಹಿಂದಿನ ಅಂಕಿ ಓದಿ. ಒಂದು ವಾರ ಮರೆತರೆ ಎರಡು ದಿನದೊಳಗೆ ನೆನಪಾದಾಗ ತೆಗೆದುಕೊಳ್ಳಬಹುದು. ಅದೂ ದಾಟಿದರೆ ಆ ವಾರವನ್ನು ಬಿಟ್ಟುಬಿಡಿ. ಮುಂದಿನ ವಾರ ಎರಡರಷ್ಟು ನುಂಗುವುದು ಬೇಡ. ಬಾಯಲ್ಲಿ ಹುಣ್ಣು, ಸೋರಿಯಾಸಿಸ್ ಮಚ್ಚೆಗಳೇ ಒಡೆದು ಉರಿಯುವುದು, ಕಾರಣವಿಲ್ಲದೆ ಮೈಯಲ್ಲಿ ನೀಲಿಗಟ್ಟುವುದು, ಒಣಕೆಮ್ಮಿನ ಜೊತೆ ಏದುಸಿರು ಕಂಡರೆ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಪ್ರಮಾಣ ಮಿತಿಮೀರಿದಾಗ ಫೋಲಿನಿಕ್ ಆಸಿಡ್ ಎಂಬ ಪ್ರತ್ಯೌಷಧವಿದೆ. ಅದು ಬೇಗ ಕೊಟ್ಟಷ್ಟೂ ಫಲಕಾರಿ.

ಲಿವರಿನ ಭಯ ನಿಮ್ಮ ಮನೆಯ ಮಟ್ಟಿಗೆ ನಿಜವಾದದ್ದೇ. ಮೆಥೊಟ್ರೆಕ್ಸೇಟ್ ಒಂದೇ ಇದ್ದಾಗ ಲಿವರ್ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಮದ್ಯ, ಸಕ್ಕರೆ ಕಾಯಿಲೆ, ದಪ್ಪ ಹೊಟ್ಟೆ ಸೇರಿದಾಗ ಪೆಟ್ಟು ಬೀಳುತ್ತದೆ. ನಿಮ್ಮವರಿಗೆ ಇವುಗಳಲ್ಲಿ ಎರಡಂತೂ ಇವೆ. ಈ ಮಾತ್ರೆ ನುಂಗುವವರಿಗೆ ಕುಡಿತ ಬಿಡಿ ಎನ್ನುವುದೇ ನನ್ನ ಕಟ್ಟುನಿಟ್ಟು. ‘ಮಾತ್ರೆ ಭಾನುವಾರ, ಬಾಟಲಿ ಬುಧವಾರ’ ಎಂಬ ಒಪ್ಪಂದವನ್ನು ಲಿವರ್ ಒಪ್ಪುವುದಿಲ್ಲ. ಬಿಡಲಾಗದು ಎಂದು ಅವರು ಪ್ರಾಮಾಣಿಕವಾಗಿ ಹೇಳಿದರೆ ಅದೂ ಒಂದು ಉಪಯುಕ್ತ ಮಾಹಿತಿಯೇ. ಆಗ ವೈದ್ಯರು ಬೇರೆ ಔಷಧ ಯೋಚಿಸುತ್ತಾರೆ. ಮುಚ್ಚಿಟ್ಟು ಎರಡನ್ನೂ ನಡೆಸುವುದು ಮಾತ್ರ ಬೇಡ.

ಶುರು ಮಾಡುವ ಮೊದಲು ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಎದೆಯ ಎಕ್ಸ್-ರೇ ಆಗಬೇಕು. ಶುರುವಾದ ಒಂದೆರಡು ವಾರಕ್ಕೆ ರಕ್ತಪರೀಕ್ಷೆ, ಆಮೇಲೆ ಕೆಲವು ತಿಂಗಳು ತಿಂಗಳಿಗೊಮ್ಮೆ, ಪ್ರಮಾಣ ಸ್ಥಿರವಾದ ಮೇಲೆ ಎರಡು ಮೂರು ತಿಂಗಳಿಗೊಮ್ಮೆ. ಲಿವರಿನಲ್ಲಿ ನಾರುಗಟ್ಟುವುದನ್ನು ನೋಡಲು ಹಿಂದೆ ಸೂಜಿ ಹಾಕಿ ತುಣುಕು ತೆಗೆಯುತ್ತಿದ್ದರು. ಈಗ ಹೆಚ್ಚಿನವರಿಗೆ ಹೊರಗಿನಿಂದಲೇ ಲಿವರಿನ ಗಡಸುತನ ಅಳೆಯುವ ಫೈಬ್ರೊಸ್ಕ್ಯಾನ್ ಸಾಕು, ನೋವಿಲ್ಲ. ಮಾತ್ರೆ ಅಗ್ಗ, ಪರೀಕ್ಷೆಗಳದ್ದೇ ಖರ್ಚು. ಚೆನ್ನಾಗಿದ್ದೇನಲ್ಲ ಎಂದು ಪರೀಕ್ಷೆ ಬಿಟ್ಟು, ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಮಾತ್ರೆ ಕೊಂಡುಕೊಳ್ಳುವವರು ನಮಗೆ ದೊಡ್ಡ ತಲೆನೋವು.

ಫೋಲಿಕ್ ಆಸಿಡ್ ಮೆಥೊಟ್ರೆಕ್ಸೇಟ್‌ನ ಅಡ್ಡಪರಿಣಾಮ ತಗ್ಗಿಸುತ್ತದೆ. ಮೆಥೊಟ್ರೆಕ್ಸೇಟ್ ನುಂಗುವ ದಿನ ಬಿಟ್ಟು ವೈದ್ಯರು ಹೇಳಿದ ಬೇರೆ ದಿನ ಅದನ್ನು ಕೊಡಿ. ಬೇರೆ ಔಷಧಗಳಲ್ಲಿ ಅತಿ ಮುಖ್ಯವಾಗಿ ದೂರವಿಡಬೇಕಾದದ್ದು ಸೆಪ್ಟ್ರಾನ್ ಎಂದು ಜನ ಕರೆಯುವ ಕೋಟ್ರೈಮೊಕ್ಸಜೋಲ್. ಉರಿಮೂತ್ರಕ್ಕೋ ಭೇದಿಗೋ ಯಾರೋ ಅದನ್ನು ಬರೆದುಕೊಡುತ್ತಾರೆ. ಎರಡೂ ಫೋಲಿಕ್ ಆಸಿಡ್‌ನ ದಾರಿಗೇ ಅಡ್ಡ ನಿಲ್ಲುವುದರಿಂದ ರಕ್ತಕಣಗಳು ಕುಸಿಯುತ್ತವೆ. ಮೆಥೊಟ್ರೆಕ್ಸೇಟ್ ಹೊರಹೋಗುವುದು ಕಿಡ್ನಿಯ ಮೂಲಕ. ವಾಂತಿಭೇದಿಯಾಗಿ ನೀರು ಬತ್ತಿದ ವಾರ, ಮೈಕೈ ನೋವಿಗೆಂದು ನೋವಿನ ಮಾತ್ರೆಗಳನ್ನು ಒಂದೇ ಸಮ ನುಂಗಿದ ವಾರ ಔಷಧ ಮೈಯಲ್ಲೇ ಉಳಿದುಬಿಡಬಹುದು. ಯಾವ ವೈದ್ಯರ ಬಳಿ ಹೋದರೂ, ಹಲ್ಲು ಕೀಳಿಸಲು ಹೋದರೂ, ಮೊದಲ ಮಾತೇ ‘ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ’ ಎಂದಿರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೆರಳಿನ ಸಾಲು. ಬೆಳಗ್ಗೆ ಎದ್ದಾಗ ಬೆರಳು ಮಡಚಲಾಗದಿರುವುದು 47ಕ್ಕೆ ವಯಸ್ಸಿನದೆನ್ನಲು ನಾನು ತಯಾರಿಲ್ಲ. ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಇರುತ್ತದೆಯೇ? ಕೆಲಸ ಮಾಡುತ್ತಾ ಸಡಿಲವಾಗುತ್ತದೆಯೇ? ಒಂದು ಬೆರಳು ಪೂರ್ತಿ ಊದಿಕೊಂಡಿದೆಯೇ? ಉಗುರುಗಳಲ್ಲಿ ಸೂಜಿಯಿಂದ ಚುಚ್ಚಿದಂಥ ಗುಳಿಗಳಿವೆಯೇ, ಉಗುರು ತುದಿಯ ಕಡೆಯಿಂದ ಅಡಿಯ ಚರ್ಮ ಬಿಟ್ಟು ಎದ್ದಿದೆಯೇ? ಹೌದಾದರೆ ಇದು ಸೋರಿಯಾಸಿಸ್ ಕೀಲುವಾತವಾಗಿರಬಹುದು. ಚರ್ಮಕ್ಕೆ ಆದದ್ದು ಗುರುತುಳಿಯದೆ ಮಾಯಬಲ್ಲದು. ಕೀಲು ಸವೆದು ಸೊಟ್ಟಗಾದರೆ ಯಾವ ಔಷಧವೂ ಅದನ್ನು ಹಿಂದಕ್ಕೆ ತಾರದು. ಕೀಲಿನ ರೋಗ ಖಚಿತವಾದರೆ ‘ನುಂಗುವ ಔಷಧ ಬೇಕೇ, ಬೇಡವೇ’ ಎಂಬ ಚರ್ಚೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಮುಲಾಮು ಕೀಲಿಗೆ ತಲುಪುವುದಿಲ್ಲ.

ಕೀಲಿನಲ್ಲಿ ಏನೂ ಇಲ್ಲವೆಂದಾದರೆ ಬೆಳಕಿನ ಚಿಕಿತ್ಸೆಯನ್ನು ಕೇಳಿನೋಡಬಹುದು. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಲ್ಲಿ ಅತಿನೇರಳೆ ಕಿರಣದ ಪೆಟ್ಟಿಗೆಯೊಳಗೆ ನಿಲ್ಲಿಸುತ್ತಾರೆ. ಇಡೀ ದೇಹದ ರಕ್ಷಣೆಯನ್ನು ಕುಗ್ಗಿಸದ, ಲಿವರಿನ ಹಂಗಿಲ್ಲದ ಒಳ್ಳೆಯ ದಾರಿ ಅದು. ತೊಡಕೆಂದರೆ ವಾರಕ್ಕೆ ಎರಡು ಮೂರು ಸಲದಂತೆ ಕೆಲವು ತಿಂಗಳು ಹೋಗಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಅಷ್ಟು ಸಲ ಹೋಗಿಬರುವವರು ಅಂಗಡಿಯನ್ನು ಯಾರ ಕೈಗೆ ಒಪ್ಪಿಸಬೇಕು ಎಂಬುದು ನಿಮಗೆ ಬಿಟ್ಟದ್ದು.

ನುಂಗುವ ಔಷಧಗಳಲ್ಲಿ ಬೇರೆಯವೂ ಇವೆ. ಸೈಕ್ಲೊಸ್ಪೊರಿನ್ ಕೆಲವೇ ವಾರಗಳಲ್ಲಿ ಕೆಲಸ ಮಾಡುತ್ತದೆ. ರೋಗ ಭುಗಿಲೆದ್ದಾಗ ನಾವು ಅದರ ಮೊರೆಹೋಗುತ್ತೇವೆ. ಅದು ರಕ್ತದೊತ್ತಡ ಏರಿಸುತ್ತದೆ, ಕಿಡ್ನಿಯನ್ನು ದಣಿಸುತ್ತದೆ, ವರ್ಷಗಟ್ಟಲೆ ನಡೆಸುವಂಥದ್ದಲ್ಲ. ಅಪ್ರೆಮಿಲಾಸ್ಟ್ ಮೆದುವಾದ ಔಷಧ, ಲಿವರಿನ ತಗಾದೆ ಕಡಿಮೆ. ಮೊದಲ ವಾರಗಳಲ್ಲಿ ಭೇದಿ, ತಲೆನೋವು ಸಾಮಾನ್ಯ, ಕೆಲವರಿಗೆ ಮನಸ್ಸು ಕುಗ್ಗುತ್ತದೆ. ಕುಡಿತ ಬಿಡಲಾರದವರಿಗೆ ನಾನು ಯೋಚಿಸುವ ಆಯ್ಕೆಗಳಲ್ಲಿ ಇದೊಂದು, ಆದರೆ ಇದರ ಬಲ ಅಷ್ಟಕ್ಕಷ್ಟೆ.

ಇನ್ನು ಜೈವಿಕ ಚುಚ್ಚುಮದ್ದುಗಳು. ಅಡಾಲಿಮುಮ್ಯಾಬ್, ಸೆಕುಕಿನುಮ್ಯಾಬ್ ಮುಂತಾದವು ರೋಗ ಕೆರಳಿಸುವ ಒಂದೊಂದು ರಾಸಾಯನಿಕವನ್ನೇ ಗುರಿಯಿಟ್ಟು ತಡೆಯುತ್ತವೆ. ಬೆಂಗಳೂರಿನ ಬಯೋಕಾನ್ 2013ರಲ್ಲಿ ಇಟೊಲಿಜುಮ್ಯಾಬ್ ಎಂಬುದನ್ನು ಸೋರಿಯಾಸಿಸ್‌ಗೆ ಮಾರುಕಟ್ಟೆಗೆ ತಂದಿತ್ತು. ಒಳ್ಳೆಯ ಜೈವಿಕ ಔಷಧ ಚರ್ಮವನ್ನು ಬೆರಗಾಗುವಷ್ಟು ಸ್ವಚ್ಛಗೊಳಿಸುತ್ತದೆ. ಖರ್ಚೂ ಹಾಗೇ ಬೆರಗಾಗಿಸುತ್ತದೆ. ಮಾವನವರ ಕ್ಷಯ ಮುಖ್ಯವಾಗುವುದು ಇಲ್ಲೇ. ಒಂದೇ ಮನೆಯಲ್ಲಿ ಬೆಳೆದವರ ಮೈಯಲ್ಲಿ ಕ್ಷಯದ ಕ್ರಿಮಿ ತೊಂದರೆ ಕೊಡದೆ ಮಲಗಿರಬಹುದು. ಅಡಾಲಿಮುಮ್ಯಾಬ್ ಜಾತಿಯವು ಅದನ್ನು ಎಬ್ಬಿಸಿಬಿಡಬಹುದು. ಆದ್ದರಿಂದ ಮೊದಲು ಮಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ರಕ್ತಪರೀಕ್ಷೆ ಮಾಡಿ, ಬೇಕಿದ್ದರೆ ಕ್ಷಯ ತಡೆಯುವ ಮಾತ್ರೆ ಕೊಟ್ಟು ಆಮೇಲೆ ಮುಂದುವರಿಯುತ್ತೇವೆ. ಸೆಕುಕಿನುಮ್ಯಾಬ್‌ನಲ್ಲಿ ಈ ಅಪಾಯ ಕಡಿಮೆ, ಆದರೂ ಪರೀಕ್ಷೆ ತಪ್ಪಿಸುವುದಿಲ್ಲ. ಮೆಥೊಟ್ರೆಕ್ಸೇಟ್‌ಗೆ ಮೊದಲೂ ಎದೆಯ ಎಕ್ಸ್-ರೇ ಕೇಳುವುದು ಇದೇ ಕಾರಣಕ್ಕೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ತಡಮಾಡಬೇಡಿ.

ಮಗಳು ಬರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಔಷಧ ನುಂಗುವವರ ಜೊತೆ ಒಂದೇ ಮನೆಯಲ್ಲಿದ್ದರೆ ಗರ್ಭಕ್ಕೆ ತೊಂದರೆಯಿಲ್ಲ. ಆದರೆ ಮೆಥೊಟ್ರೆಕ್ಸೇಟ್ ಹೊಟ್ಟೆಯ ಮಗುವಿಗೆ ವಿಷ. ತಪ್ಪಿ ಅವಳ ಕೈಗೆ ಹೋಗಬಾರದು. ಗರ್ಭಿಣಿಯರಿಗೂ ಫೋಲಿಕ್ ಆಸಿಡ್ ಕೊಡುತ್ತಾರಲ್ಲ, ಹಳದಿ ಮಾತ್ರೆಗಳ ಗೊಂದಲವನ್ನು ನೆನಪಿಡಿ. ಅಪ್ಪನ ಮಾತ್ರೆ ಬೀಗ ಹಾಕಿದ ಬೇರೆ ಜಾಗದಲ್ಲಿರಲಿ, ಅವಳು ಅದನ್ನು ಮುಟ್ಟುವುದು, ಮುರಿಯುವುದು ಬೇಡ. ಹುಟ್ಟಿದ ಮಗುವಿಗೆ ಪೋಲಿಯೊ ಹನಿ ಮತ್ತಿತರ ಲಸಿಕೆಗಳನ್ನು ಎಂದಿನಂತೆ ಹಾಕಿಸಿ. ಅಜ್ಜ ಮೊಮ್ಮಗುವನ್ನು ಎತ್ತಿಕೊಳ್ಳಬಹುದು, ಬಟ್ಟೆ ಬದಲಿಸಿದರೆ ಸೋಪು ಹಾಕಿ ಕೈ ತೊಳೆದರಾಯಿತು. ಫ್ಲೂ, ನ್ಯುಮೋನಿಯಾ ಲಸಿಕೆಗಳನ್ನು ಅವರು ಹಾಕಿಸಿಕೊಳ್ಳುವುದು ಒಳ್ಳೆಯದು. ಜೀವಂತ ವೈರಾಣುವಿರುವ ಲಸಿಕೆಗಳನ್ನು ಮಾತ್ರ ವೈದ್ಯರನ್ನು ಕೇಳದೆ ಹಾಕಿಸಬಾರದು.

ಜೀವನಪೂರ್ತಿ ಬಿಡಲಾಗದೇ ಎಂದು ಕೇಳಿದ್ದೀರಿ. ಬಿಡಬಹುದು. ಇದಕ್ಕೆ ಚಟ ಹತ್ತುವ ಗುಣವಿಲ್ಲ, ಸ್ಟೆರಾಯ್ಡ್ ಬಿಟ್ಟಾಗಿನಂಥ ಭುಗಿಲೂ ಸಾಮಾನ್ಯವಾಗಿ ಕಾಣುವುದಿಲ್ಲ. ರೋಗ ಹಲವು ತಿಂಗಳು ಹಿಡಿತದಲ್ಲಿದ್ದರೆ ಪ್ರಮಾಣ ಇಳಿಸುತ್ತಾ ನಿಲ್ಲಿಸಿ ನೋಡುತ್ತೇವೆ. ಕೆಲವರಿಗೆ ವರ್ಷಗಟ್ಟಲೆ ಬರುವುದಿಲ್ಲ, ಕೆಲವರಿಗೆ ಬೇಗ ಮರಳುತ್ತದೆ. ದೀರ್ಘಕಾಲ ಉಳಿಯುವುದು ಸೋರಿಯಾಸಿಸ್‌ನ ಸ್ವಭಾವ, ಅದರ ಅಪವಾದ ಮಾತ್ರೆಯ ಮೇಲೆ ಬೀಳುತ್ತದೆ ಅಷ್ಟೆ. ಶುರು ಮಾಡಿದ ಮೇಲೆ ಮೊದಲ ತಿಂಗಳು ಏನೂ ಕಾಣದಿದ್ದರೆ ಎದೆಗುಂದಬೇಡಿ. ಒಂದೆರಡು ತಿಂಗಳಲ್ಲಿ ಹೊಟ್ಟು ತೆಳುವಾಗುತ್ತದೆ, ಪೂರ್ಣ ಫಲಕ್ಕೆ ಮೂರು ನಾಲ್ಕು ತಿಂಗಳು ಬೇಕು. ಅಷ್ಟರಲ್ಲಿ ಎರಡು ವಾರದಲ್ಲಿ ಗುಣಪಡಿಸುವ ಇನ್ನೊಂದು ಪುಡಿ ಯಾರಾದರೂ ತಂದೇ ತರುತ್ತಾರೆ. ಅದನ್ನು ಬಾಗಿಲಲ್ಲೇ ತಡೆಯುವ ಕೆಲಸ ನಿಮ್ಮದು.